ಭಕ್ತಿ ಬತ್ತಿದೆ ಎಂದವರಿಗೆ ನಾನು ಕೊಟ್ಟ ಸಲಹೆ

"ನಂಬಿಕೆಯೇ ಹೋಗಿದೆ, ಇನ್ನು ಪ್ರಾರ್ಥನೆ ಮಾಡಿದರೆ ನಾಟಕವಾಗುತ್ತದೆ" ಎನ್ನುತ್ತ ಆಪ್ತಸಲಹೆಗೆ ಬರುವವರು ಕಡಿಮೆಯೇನಿಲ್ಲ. ಅವರ ಧರ್ಮ ಬೇರೆ ಬೇರೆ, ಮಾತು ಮಾತ್ರ ಒಂದೇ. ಅದಕ್ಕೇ ಈ ಪ್ರಕರಣದಲ್ಲಿ ಧರ್ಮ ಯಾವುದೆಂದು ಬರೆಯುತ್ತಿಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ.

ಅವರು ನಡುವಯಸ್ಸಿನ ಗೃಹಸ್ಥರು, ಚಿಕ್ಕಂದಿನಿಂದ ದೈವಭಕ್ತರು. ತಮ್ಮ ತೀರಿಕೊಂಡ ಮೇಲೆ ಒಳಗೆಲ್ಲ ಬರಿದಾಯಿತು. ಬೆಳಗಿನ ಪ್ರಾರ್ಥನೆ ನಿಂತಿತು, ದಾನಕ್ಕೆಂದು ತೆಗೆದಿಡುತ್ತಿದ್ದ ಪಾಲೂ ನಿಂತಿತು. ಮನೆಯಲ್ಲಿ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದ ತಂದೆ. ಮೊದಲ ಭೇಟಿಯಲ್ಲಿ ನಾನು ದೇವರ ಸುದ್ದಿಗೇ ಹೋಗಲಿಲ್ಲ. ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ ಹೇಗಿದೆ, ಬದುಕೇ ಬೇಡವೆನಿಸುತ್ತದೆಯೇ ಎಂದೆಲ್ಲ ಕೇಳಿದೆ. ಬೇಸರ, ನಿರಾಸಕ್ತಿ ದಿನವಿಡೀ ಎರಡು ವಾರ ಬಿಡದೆ ಕಾಡಿದರೆ ಖಿನ್ನತೆಯನ್ನು ಶಂಕಿಸಲೇಬೇಕು. ಅದನ್ನೇ ದೇವರು ಕೈಬಿಟ್ಟ ಎಂದುಕೊಂಡು ಚಿಕಿತ್ಸೆಯಿಲ್ಲದೆ ಕೊರಗುವವರಿದ್ದಾರೆ. ಇವರಲ್ಲಿ ದುಃಖವಿತ್ತು, ಕಾಯಿಲೆಯಿರಲಿಲ್ಲ.

ಮುಂದೊಂದು ಭೇಟಿಯಲ್ಲಿ ಅವರು ಕೇಳಿದರು: "ಒಳಗೆ ಏನೂ ಇಲ್ದೆ ಕೈ ಮುಗಿದ್ರೆ ದೇವರಿಗೂ ಮೋಸ, ನನಗೂ ಮೋಸ ಅಲ್ವಾ ಮೇಡಂ?"

ರಾತ್ರಿ ಹೊತ್ತು ತಂದೆಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ಅವರೇ. ಹಾಸಿಗೆ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ನರ್ಸ್ ಹೇಳಿಕೊಟ್ಟಿದ್ದರು. ಅಲಾರಂ ಇಟ್ಟುಕೊಂಡು ಏಳುತ್ತಿದ್ದರು.

"ಆಗ ಅಪ್ಪನ ಮೇಲೆ ಪ್ರೀತಿ ಬರುತ್ತಾ?"

"ನಿಜ ಹೇಳ್ಬೇಕಂದ್ರೆ ಸಿಟ್ಟು ಬರುತ್ತೆ. ಅವರಿಗೆ ಯಾವಾಗ್ಲೂ ತಮ್ಮನೇ ಎಲ್ಲಾ. ನನ್ನನ್ನ ಒಂದು ದಿನ ಹತ್ರ ಕರೆದವರಲ್ಲ."

"ಹಾಗಾದ್ರೆ ನೀವು ಮಾಡ್ತಿರೋ ಸೇವೆ ನಾಟಕಾನಾ?"

ಅವರಿಗೆ ರೇಗಿತು. "ಅದು ಹೇಗೆ ನಾಟಕ ಆಗುತ್ತೆ? ನಾನು ಏಳದೆ ಹೋದ್ರೆ ಅವರ ಬೆನ್ನು ಕೊಳೆಯುತ್ತೆ." ತುಸು ತಡೆದು ಮುಂದುವರಿಸಿದರು, "ಹೆತ್ತವರನ್ನ ನೋಡ್ಕೋ ಅಂತ ದೇವರು ಹೇಳಿದಾನೆ. ಎದ್ದಾಗ ಅಷ್ಟೇ ತಲೇಲಿರುತ್ತೆ."

ನಂಬಿಕೆ ಇಲ್ಲವೆಂದು ಅಷ್ಟು ಹೊತ್ತು ವಾದಿಸಿದವರ ಬಾಯಿಂದಲೇ ಬಂದ ಮಾತಿದು. ಅದನ್ನು ಇನ್ನೊಮ್ಮೆ ಹೇಳಿ ಎಂದೆ. ಹೇಳಹೊರಟವರು ಅರ್ಧಕ್ಕೇ ನಿಲ್ಲಿಸಿ ಅತ್ತರು. ತಮ್ಮನ ಸಾವಿನ ನಂತರ ಅತ್ತದ್ದು ಅದೇ ಮೊದಲಂತೆ.

ದೇವರ ಮಾತು ಕೇಳಿ ನಡೆಯುವುದೂ ನಂಬಿಕೆಯೇ, ಬಹಳ ಸಲ ಹೆಚ್ಚು ಗಟ್ಟಿಯಾದ ನಂಬಿಕೆ ಎಂಬುದು ನನ್ನ ದೃಢ ನಿಲುವು. ಎದೆ ತುಂಬಿ ಬಂದಾಗ ಮಾತ್ರ ಮಾಡುವುದಾದರೆ ನಮ್ಮ ಭಕ್ತಿ ನಮ್ಮ ಮನಸ್ಸಿನ ಲಹರಿಗೆ ಸೇವಕ. ನಮಾಜಿಗೆ ಐದು ಹೊತ್ತು ಗೊತ್ತುಮಾಡಿದ್ದಾರೆ. ಮನಸ್ಸು ಹದವಾಗಲೆಂದು ಅದು ಕಾದು ಕೂರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು, ಅದನ್ನು ಮಾರಿ ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿಬಿದ್ದರೂ ಅವರು ಕಾಯಕ ನಿಲ್ಲಿಸಲಿಲ್ಲ, ಲಿಂಗವೇ ಅವರ ಹಿಂದೆ ಬಂತು ಎಂಬ ಕಥೆಯಿದೆ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯ ಅನುಭವಕ್ಕೇ ಬಂದಿರಲಿಲ್ಲ ಎಂಬುದು ಲೋಕಕ್ಕೆ ತಿಳಿಯಿತು. ಅಷ್ಟೂ ವರ್ಷ ರೋಗಿಗಳ ಸೇವೆ ನಡೆದೇ ಇತ್ತು.

ನಾನು ಕೊಟ್ಟ ಸಲಹೆ ಸರಳ. ದಿನಾ ಒಂದೇ ಹೊತ್ತಿಗೆ, ಹಿರಿಯರು ಕಲಿಸಿದ ಚಿಕ್ಕ ಪ್ರಾರ್ಥನೆಯೊಂದನ್ನು ಹೇಳಿ ಏಳಿ. ಭಾವ ಬಂತೇ ಎಂದು ತಡಕಾಡಬೇಡಿ. ಇಲ್ಲದ ಭಕ್ತಿಯನ್ನು ಯಾರೆದುರೂ ತೋರಿಸಲು ಹೋಗಬೇಡಿ. ದಾನದ ಪಾಲು ಮತ್ತೆ ಶುರುಮಾಡಿ, ಚಿಕ್ಕದಾದರೂ ಸರಿ. ವಾರದಲ್ಲಿ ಎರಡು ರಾತ್ರಿ ತಂಗಿಗೆ ವಹಿಸಿ. ತಂದೆಯ ಋಣ ಅವರಿಗೂ ಇದೆ, ನಿದ್ದೆಗೆಟ್ಟ ದೇಹ ಎಷ್ಟು ದಿನ ಕರ್ತವ್ಯ ಹೊರುತ್ತದೆ?

ಆಪ್ತಸಲಹೆಯ ಹೆಸರಲ್ಲಿ ನೀವು ಅವರನ್ನು ಧರ್ಮಕ್ಕೆ ಎಳೆದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪಲಾರೆ. ಧರ್ಮ ಬಿಡಬೇಕೆಂದು ಅವರು ಬಂದಿರಲಿಲ್ಲ, ಬಿಟ್ಟುಹೋಯಿತಲ್ಲ ಎಂದು ನೊಂದು ಬಂದಿದ್ದರು. ಬಿಡಬೇಕೆಂದೇ ಬಂದವರ ಜೊತೆಗೂ ಅಷ್ಟೇ ಗೌರವದಿಂದ ಮಾತಾಡುತ್ತೇನೆ.

ಕೊನೆಯ ಭೇಟಿಯಲ್ಲಿ "ಈಗಲೂ ಏನೂ ಅನಿಸಲ್ಲ ಮೇಡಂ, ಆದ್ರೆ ಹೇಳ್ತೀನಿ" ಎಂದರು. ಅಪ್ಪನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ತಂಗಿ ಬರತೊಡಗಿದ್ದರು.

ಈ ಸಲಹೆ ಎಲ್ಲರಿಗೂ ಅಲ್ಲ. ಗಂಡನ ಹೊಡೆತವನ್ನೋ ಗುರುವಿನ ದೌರ್ಜನ್ಯವನ್ನೋ ದೇವರಾಜ್ಞೆಯೆಂದು ಸಹಿಸುತ್ತಿರುವವರಿಗೆ ನಾನು ವಿಧೇಯತೆ ಬೋಧಿಸುವುದಿಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ ಎನ್ನುತ್ತೇನೆ. ಪ್ರಾರ್ಥನೆ ತಪ್ಪಿತೆಂಬ ಭಯಕ್ಕೆ ಅದನ್ನೇ ಮತ್ತೆ ಮತ್ತೆ ಹೇಳುತ್ತ ಗಂಟೆಗಟ್ಟಲೆ ಕೂರುವವರದ್ದು ಗೀಳು ಮನೋರೋಗವಿರಬಹುದು. ಅವರಿಗೆ ಕರ್ತವ್ಯದ ಮಾತು ಇನ್ನಷ್ಟು ಹೊರೆಯಾಗುತ್ತದೆ. ಅದಕ್ಕೆ ಔಷಧವೂ ಇದೆ, ವರ್ತನಾ ಚಿಕಿತ್ಸೆಯೂ ಇದೆ. ಅಂಥವರನ್ನು ಮನೋವೈದ್ಯರ ಬಳಿ ಕಳಿಸುತ್ತೇನೆ.