ಮೂರು ಗಂಟೆಯೋ, ನಾಲ್ಕು ನಿಮಿಷವೋ?

ಪತ್ರ: ಮಾಘದಲ್ಲಿ ಮಗಳ ಮದುವೆ. ವಿಡಿಯೋದವರು ಮೂರು ಬಗೆ ಹೇಳಿದ್ದಾರೆ. ಎಲ್ಲ ಶಾಸ್ತ್ರಗಳೂ ಇರುವ ಮೂರು ಗಂಟೆಯದ್ದು, ಪೋಸು ಕೊಡಿಸದೆ ಸಹಜವಾಗಿ ಹಿಡಿಯುವ ‘ಕ್ಯಾಂಡಿಡ್’ ಶೈಲಿಯ ಮುಕ್ಕಾಲು ಗಂಟೆಯದ್ದು, ಸಿನಿಮಾದಂತೆ ಹಾಡು ಹಾಕಿದ ನಾಲ್ಕು ನಿಮಿಷದ್ದು. ಯಜಮಾನರು ಮೊದಲನೆಯದಕ್ಕೆ ಪಟ್ಟು ಹಿಡಿದಿದ್ದಾರೆ, ಮಗಳು ಕೊನೆಯದಕ್ಕೆ. ಯಾವುದು ಸರಿ?
– ಓದುಗರೊಬ್ಬರು, ಅರಸೀಕೆರೆ

ಸಹೋದರಿ,

ನಿಮ್ಮ ಪತ್ರವನ್ನು ಮನೆಗೆ ಒಯ್ದು ಹೆಂಡತಿಗೆ ಓದಿ ಹೇಳಿದೆ. “ಮೊದಲು ನಮ್ಮ ಕ್ಯಾಸೆಟ್ಟಿನ ಕತೆ ಬರೆಯಿರಿ” ಎಂದಳು.

ನಮ್ಮ ಮದುವೆ 1991ರದ್ದು. ವಿಡಿಯೋ ಎಷ್ಟು ಉದ್ದವಿರಬೇಕೆಂದು ಯಾರೂ ಕೇಳಲಿಲ್ಲ. ವಿಎಚ್‌ಎಸ್ ಕ್ಯಾಸೆಟ್ 180 ನಿಮಿಷದ್ದು, ಹಾಗಾಗಿ ಮದುವೆಯೂ 180 ನಿಮಿಷ. ಅದರಲ್ಲಿ ಅರ್ಧಕ್ಕರ್ಧ ಆರತಕ್ಷತೆಯ ಸಾಲು: ಬರುತ್ತಾರೆ, ಕವರು ಕೊಡುತ್ತಾರೆ, ಹ್ಯಾಲೋಜನ್ ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಾರೆ, ಇಳಿಯುತ್ತಾರೆ. ನಡುವೆ ಒಂದು ಗುಲಾಬಿ ಅರಳಿ ಅದರೊಳಗಿಂದ ನಾನು ಪ್ರತ್ಯಕ್ಷನಾಗುತ್ತೇನೆ. ಇದನ್ನೆಲ್ಲ ಓಡಿಸಿಬಿಡುತ್ತೇವೆ. ನಿಲ್ಲಿಸಿ ನೋಡುವುದು ಊಟದ ಮನೆಯ ಹನ್ನೊಂದು ಸೆಕೆಂಡುಗಳನ್ನು. ಅಪ್ಪ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಸೌಟು ಹಿಡಿದು, ಪಂಕ್ತಿಯ ಆ ತುದಿಯತ್ತ ತಿರುಗಿ ಏನೋ ಕೂಗುತ್ತಾರೆ. ಏನೆಂದು ಕೇಳಿಸುವುದಿಲ್ಲ, ಮೇಲೆ ಸಿನಿಮಾ ಹಾಡು ಕೂರಿಸಿದ್ದಾರೆ. ಮೊಸರಿನ ಬಕೆಟ್ ತರಲು ಹೇಳುತ್ತಿದ್ದರು ಎಂದು ನನ್ನ ವಾದ. ನನ್ನ ಸೋದರಮಾವನನ್ನು ಗದರುತ್ತಿದ್ದರು ಎಂದು ಇವಳ ವಾದ. ಅಪ್ಪ ಹೋಗಿ ಹದಿನಾರು ವರ್ಷವಾಯಿತು, ವ್ಯಾಜ್ಯ ಇನ್ನೂ ತೀರಿಲ್ಲ.

ಆದ್ದರಿಂದ ಉದ್ದದ ಮಾತು ಆಮೇಲೆ. ವಿಡಿಯೋದವರನ್ನು ಮೊದಲು ಧ್ವನಿಯ ಬಗ್ಗೆ ಕೇಳಿ. ಕ್ಯಾಮೆರಾಕ್ಕೆ ಅಂಟಿಕೊಂಡಿರುವ ಮೈಕಿಗೆ ಹತ್ತಿರದ್ದೇ ದೊಡ್ಡದು. ಪಕ್ಕದಲ್ಲಿ ಓಲಗದವರಿದ್ದರೆ ಗಟ್ಟಿಮೇಳದ ಹೊತ್ತಿಗೆ ಮಂತ್ರವೂ ಇಲ್ಲ, ಮಾತೂ ಇಲ್ಲ. ವರನ ಶಲ್ಯಕ್ಕೆ ಒಂದು ಪುಟ್ಟ ಮೈಕು ಸಿಕ್ಕಿಸಿ, ಪುರೋಹಿತರ ಬಳಿ ಇನ್ನೊಂದು ಇಡುತ್ತಾರೆಯೇ ಎಂದು ವಿಚಾರಿಸಿ. “ಅದೆಲ್ಲ ಯಾಕೆ ಮೇಡಂ, ಹೇಗೂ ಹಾಡು ಹಾಕುತ್ತೇವಲ್ಲ” ಎಂದರೆ ಬೇರೆಯವರನ್ನು ಹುಡುಕಿ.

ಮಗಳು ಮೆಚ್ಚಿರುವ ಸಿನಿಮಾ ಶೈಲಿಯ ತೊಡಕೂ ಇಲ್ಲಿಯೇ. ಸೆಕೆಂಡಿಗೆ 100 ಚೌಕಟ್ಟು (ಫ್ರೇಮ್) ಹಿಡಿದು 25ರಂತೆ ತೋರಿಸಿದರೆ ಒಂದು ಸೆಕೆಂಡು ನಾಲ್ಕಾಗುತ್ತದೆ. ಅಂತರಪಟ ಸರಿಯುವುದು, ಜೀರಿಗೆ ಬೆಲ್ಲ ಹಾರುವುದು ಹೀಗೆ ನೋಡಲು ಬಲು ಚೆಂದ. ಆದರೆ ಆ ವೇಗಕ್ಕೆ ಮಾತು ಎಳೆದು ವಿಕಾರವಾಗುತ್ತದೆ, ಅದನ್ನು ಮುಚ್ಚಲು ಹಾಡು ಬೇಕೇ ಬೇಕು. ಹಾಗೆ ಚಿತ್ರೀಕರಿಸುವುದಾದರೆ ಒಂದೇ ಕ್ಯಾಮೆರಾದಲ್ಲಿ ಮಾಡಲಿ. ಇನ್ನೊಂದು ಸಹಜ ವೇಗದಲ್ಲಿ, ನಿಲ್ಲದೆ ಓಡುತ್ತಿರಲಿ. ಜನಪ್ರಿಯ ಸಿನಿಮಾ ಹಾಡು ಹಾಕಿದ ವಿಡಿಯೋವನ್ನು ಯೂಟ್ಯೂಬಿಗೋ ಇನ್‌ಸ್ಟಾಗ್ರಾಮಿಗೋ ಏರಿಸಿದರೆ ಕೃತಿಸ್ವಾಮ್ಯದ ಕಾರಣಕ್ಕೆ ಅದರ ಧ್ವನಿ ಮುಚ್ಚಿಹೋಗುವ ಸಾಧ್ಯತೆಯಿದೆ ಎಂದು ಮಗಳಿಗೆ ಹೇಳಿ. ಬಹುಶಃ ನಿಮಗಿಂತ ಚೆನ್ನಾಗಿ ಅವಳಿಗೇ ಗೊತ್ತಿರುತ್ತದೆ.

ನನ್ನ ಆಯ್ಕೆ ನಡುವಿನದು, ಮುಕ್ಕಾಲು ಗಂಟೆ. ಕಾಫಿ ಹಿಡಿದು ಕುಳಿತವರು ಏಳದೆ ನೋಡಬಹುದಾದ ಅಳತೆ ಅದು. ಆದರೆ ಕ್ಯಾಂಡಿಡ್ ಎಂದ ಮಾತ್ರಕ್ಕೆ ಮಗಳ ಬಳೆ, ಮೆಹೆಂದಿ, ಕಣ್ರೆಪ್ಪೆಗಳೇ ತುಂಬಬಾರದು. ಧಾರೆಯ ಹೊತ್ತಿಗೆ ಎರಡು ಕ್ಯಾಮೆರಾ ಬೇಕು. ಒಂದು ಕೈಗಳ ಮೇಲೆ ಬೀಳುವ ನೀರನ್ನು ನೋಡುತ್ತಿದ್ದರೆ, ಇನ್ನೊಂದು ನಿಮ್ಮಿಬ್ಬರ ಮುಖಗಳನ್ನು ನೋಡಲಿ. ಮೂರನೆಯವರು ಮಂಟಪ ಹತ್ತದಿರಲಿ. ಈಗೀಗ ಅಕ್ಷತೆ ಬೀಳುವುದು ವಧೂವರರ ತಲೆಗಿಂತ ಹೆಚ್ಚಾಗಿ ಫೋಟೋದವರ ಬೆನ್ನಿನ ಮೇಲೆ.

ಹಣ ಸಾಲದಿದ್ದರೆ ಡ್ರೋನ್ ಕೈಬಿಡಿ. ಅದಕ್ಕೆ ಮೇಲಿನಿಂದ ಕಾಣುವುದು ಛತ್ರದ ತಗಡು ಮತ್ತು ನೀರಿನ ಟ್ಯಾಂಕು.

ಮಗಳ ನಾಲ್ಕು ನಿಮಿಷವನ್ನು ಇದೇ ದೃಶ್ಯಗಳಿಂದ ಆಯ್ದು ಕೊಡುತ್ತಾರೆ, ಅದಕ್ಕೆ ಬೇರೆ ಚಿತ್ರೀಕರಣ ಬೇಕಿಲ್ಲ. ಯಜಮಾನರಿಗೆ? ಕತ್ತರಿ ಹಾಕದ ಮೂಲ ದೃಶ್ಯಗಳೆಲ್ಲ ಬೇಕೆಂದು ಮುಂಗಡ ಕೊಡುವಾಗಲೇ ರಸೀದಿಯಲ್ಲಿ ಬರೆಸಿಕೊಳ್ಳಿ. ಮೂರು ಗಂಟೆಯೇನು, ಎಂಟು ಗಂಟೆ ಬೇಕಾದರೂ ಕುಳಿತು ನೋಡಲಿ. ಒಳ್ಳೆಯ 4ಕೆ ಚಿತ್ರೀಕರಣ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ, ತಲಾ ಐದು ಗಂಟೆ ಎಂದರೆ 450 ಜಿಬಿ. ಒಂದು ಟಿಬಿಯ, ಅಂದರೆ ಸಾವಿರ ಜಿಬಿಯ, ಹಾರ್ಡ್ ಡಿಸ್ಕ್ ಎರಡು ಕೊಂಡು, ಒಂದು ನಿಮ್ಮಲ್ಲಿ, ಇನ್ನೊಂದು ಮಗಳಲ್ಲಿ ಇರಲಿ. ಸ್ಟುಡಿಯೋದವರು ಕೆಲವು ತಿಂಗಳಲ್ಲಿ ಅಳಿಸಿ ಮುಂದಿನ ಮದುವೆಗೆ ಜಾಗ ಮಾಡಿಕೊಳ್ಳುತ್ತಾರೆ, ಅದು ಅವರ ತಪ್ಪೂ ಅಲ್ಲ.

ಇನ್ನೊಂದು ಮಾತು. ಎರಡನೇ ಪಂಕ್ತಿಗೆ ಎಲೆ ಹಾಕುವಾಗ ಒಂದು ಕ್ಯಾಮೆರಾ ಊಟದ ಮನೆಗೆ ಹೋಗಲಿ. ಯಜಮಾನರು ಅಲ್ಲೇ ಎಲ್ಲೋ ಓಡಾಡುತ್ತಿರುತ್ತಾರೆ. ಆ ಭಾಗಕ್ಕೆ ಹಾಡು ಹಾಕಬಾರದೆಂದು ಹೇಳಿಡಿ.

– ಸಂ.