ಸೆನ್ಸರ್‌ಗಿಂತ ಮೊದಲು ಬೀದಿಯ ನಕ್ಷೆ

ಪ್ರಶ್ನೆ: ಸ್ಮಾರ್ಟ್ ಸಿಟಿ ಎಂದೊಡನೆ ಕ್ಯಾಮೆರಾ, ಸೆನ್ಸರ್, ನಿಯಂತ್ರಣ ಕೊಠಡಿಗಳ ಮಾತೇ ಕೇಳಿಬರುತ್ತದೆ. ಇವೆಲ್ಲ ಸಾಫ್ಟ್‌ವೇರ್ ತಜ್ಞರ ಕೆಲಸವಾದರೆ, ಇಂಥ ನಗರಗಳ ಯೋಜನೆಯಲ್ಲಿ ನಗರ ವಾಸ್ತುಶಿಲ್ಪಿಗಳ ಪಾತ್ರವೇನು? ವಾಸ್ತುಶಿಲ್ಪ ಓದುತ್ತಿರುವ ನನ್ನ ಮಗಳು ಈ ಕ್ಷೇತ್ರಕ್ಕೆ ಹೋಗಬೇಕೆಂದಿದ್ದಾಳೆ.

ಉತ್ತರ: ನಗರದಲ್ಲಿ ಅಳವಡಿಸುವ ಉಪಕರಣಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ, ಬೀದಿಯ ಅಗಲ, ಕಟ್ಟಡಗಳ ನಡುವಿನ ಅಂತರ, ಮಳೆನೀರು ಹರಿಯುವ ಇಳಿಜಾರು ಒಮ್ಮೆ ನಿಗದಿಯಾದರೆ ತಲೆಮಾರುಗಳವರೆಗೆ ಉಳಿಯುತ್ತವೆ. ಈ ಎರಡನೆಯ ಬಗೆಯ ನಿರ್ಧಾರಗಳೇ ನಗರ ವಾಸ್ತುಶಿಲ್ಪಿಯ ಹೊಣೆ. ಆದ್ದರಿಂದ ಉಪಕರಣಗಳ ಖರೀದಿ ಮುಗಿದ ಮೇಲೆ ಅಂದಗಾಣಿಸಲೆಂದು ಅವರನ್ನು ಕರೆಯುವ ಕ್ರಮವೇ ತಪ್ಪೆಂಬುದು ನನ್ನ ದೃಢ ಅಭಿಪ್ರಾಯ.

ಅಬುಧಾಬಿಯಲ್ಲಿ ಹೊಸದಾಗಿ ಯೋಜಿಸಿ ಕಟ್ಟಿದ ಮಸ್ದಾರ್ ನಗರವನ್ನೇ ನೋಡಿ. ಚಾಲಕರಿಲ್ಲದ ಪುಟ್ಟ ವಾಹನಗಳು ಇಡೀ ನಗರದ ಅಡಿಯಲ್ಲಿ ಓಡಾಡಬೇಕೆಂಬುದು ಅಲ್ಲಿನ ಮೂಲ ಯೋಜನೆಯಾಗಿತ್ತು. 2010ರಲ್ಲಿ ಆರಂಭವಾದ ಆ ವ್ಯವಸ್ಥೆ ಪ್ರಾಯೋಗಿಕ ಹಂತವನ್ನು ದಾಟಿ ವಿಸ್ತಾರಗೊಳ್ಳಲಿಲ್ಲ. ಆದರೆ ಫಾಸ್ಟರ್ ಸಂಸ್ಥೆಯ ವಾಸ್ತುಶಿಲ್ಪಿಗಳು ಗಾಳಿಯ ದಿಕ್ಕನ್ನು ಗಮನಿಸಿ, ಕಟ್ಟಡಗಳ ನೆರಳು ನೆಲಕ್ಕೆ ಬೀಳುವಂತೆ ರೂಪಿಸಿದ ಕಿರಿದಾದ ಬೀದಿಗಳು ಮರುಭೂಮಿಯ ಬಿಸಿಲಿನಲ್ಲೂ ನಡೆಯುವವರಿಗೆ ಇಂದಿಗೂ ತಂಪು ನೀಡುತ್ತಿವೆ.

ಕೆಲಸದ ಸ್ವರೂಪ ತಿಳಿಯಲು ರಸ್ತೆಯ ಅಡ್ಡಛೇದ ನಕ್ಷೆಯೊಂದನ್ನು, ಅಂದರೆ ರಸ್ತೆಯನ್ನು ಅಡ್ಡಲಾಗಿ ಕತ್ತರಿಸಿದಂತೆ ತೋರಿಸುವ ನಕ್ಷೆಯನ್ನು, ನೋಡಬೇಕು. ನೆಲದಡಿಯಲ್ಲಿ ಮಳೆನೀರು ಚರಂಡಿ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ಮತ್ತು ಇಂಟರ್ನೆಟ್ ಕೇಬಲ್‌ಗಳು, ಮರದ ಬೇರಿಗೆ ಬೇಕಾದ ಮಣ್ಣು. ಮೇಲೆ ಪಾದಚಾರಿ ಮಾರ್ಗ, ಸೈಕಲ್ ಪಥ, ಬಸ್ ನಿಲ್ಲುವ ಜಾಗ. ಸೆನ್ಸರ್ ಹೊತ್ತ ದೀಪದ ಕಂಬದ ಬುಡವನ್ನು ಈ ನಕ್ಷೆಯಲ್ಲಿ ಮೊದಲೇ ಗುರುತಿಸದಿದ್ದರೆ, ಅದು ಕೊನೆಗೆ ಪಾದಚಾರಿ ಮಾರ್ಗದ ನಡುವೆಯೇ ಬಂದು ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿ ಬರುವವರು ಅಲ್ಲಿಂದ ರಸ್ತೆಗೆ ಇಳಿಯಬೇಕಾಗುತ್ತದೆ. ಪ್ರತಿಯೊಂದು ಇಲಾಖೆಯೂ ತನ್ನ ಕೊಳವೆಯನ್ನಷ್ಟೇ ನೋಡುವಾಗ, ಎಲ್ಲವನ್ನೂ ಒಂದೇ ಹಾಳೆಯ ಮೇಲೆ ತಂದು ನಡೆಯುವವರ ಪರವಾಗಿ ವಾದಿಸುವವರು ಇರಲೇಬೇಕು.

ನಿಮ್ಮ ಮಗಳು ನಕ್ಷೆ ಬಿಡಿಸುವುದರ ಜೊತೆಗೆ ಜಿಐಎಸ್ (ಸ್ಥಳಗಳ ಮಾಹಿತಿಯನ್ನು ನಕ್ಷೆಯ ಮೇಲೆ ಜೋಡಿಸಿ ವಿಶ್ಲೇಷಿಸುವ) ತಂತ್ರಾಂಶವನ್ನು, ಜಲವಿಜ್ಞಾನದ ಮೂಲಪಾಠಗಳನ್ನು, ಬಹುಮುಖ್ಯವಾಗಿ ನಿವಾಸಿಗಳೊಂದಿಗೆ ಕೂತು ಮಾತನಾಡುವುದನ್ನು ಕಲಿಯಲಿ. ಕೆನಡಾದ ಟೊರಾಂಟೊದಲ್ಲಿ ಸ್ಮಾರ್ಟ್ ಬಡಾವಣೆ ಕಟ್ಟುವ ಕ್ವೇಸೈಡ್ ಯೋಜನೆಯಲ್ಲಿ, ಸಂಗ್ರಹವಾಗುವ ದತ್ತಾಂಶ ಯಾರ ಕೈಸೇರುತ್ತದೆಂಬ ನಾಗರಿಕರ ಪ್ರಶ್ನೆಗಳು ಕೊನೆಯವರೆಗೂ ಕಾಡಿದವು. ಅದನ್ನು ರೂಪಿಸಲು 2017ರಲ್ಲಿ ಆಯ್ಕೆಯಾಗಿದ್ದ, ಗೂಗಲ್‌ನ ಸೋದರ ಸಂಸ್ಥೆ ಸೈಡ್‌ವಾಕ್ ಲ್ಯಾಬ್ಸ್, ಆರ್ಥಿಕ ಅನಿಶ್ಚಿತತೆಯ ಕಾರಣ ನೀಡಿ 2020ರ ಮೇ ತಿಂಗಳಲ್ಲಿ ಹಿಂದೆ ಸರಿಯಿತು.

ಪ್ರಶ್ನೆ: ಆಗಲೇ ಕಟ್ಟಿ ಮುಗಿದಿರುವ ಹಳೆಯ ನಗರಗಳಲ್ಲಿ ವಾಸ್ತುಶಿಲ್ಪಿಗಳು ಏನು ಮಾಡಬಲ್ಲರು?

ಉತ್ತರ: ಬಹಳಷ್ಟು ಮಾಡಬಲ್ಲರು. ಸ್ಪೇನಿನ ಬಾರ್ಸಿಲೋನಾದ ವಿಸ್ತರಣೆಗೆ ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ ರೂಪಿಸಿದ ಯೋಜನೆ 1859ರಷ್ಟು ಹಿಂದಿನದು. ಅದರಲ್ಲಿ ಬೀದಿಗಳ ನಡುವೆ ರೂಪಿಸಿದ ಕಟ್ಟಡಗಳ ಚೌಕಗಳನ್ನೇ ಉಳಿಸಿಕೊಂಡು, ಒಂಬತ್ತು ಚೌಕಗಳನ್ನು ಒಂದು ಗುಂಪಾಗಿಸಿ, ಹಾದುಹೋಗುವ ವಾಹನಗಳನ್ನು ಹೊರ ಅಂಚಿನ ರಸ್ತೆಗಳಿಗೆ ತಿರುಗಿಸಿ, ಒಳಬೀದಿಗಳನ್ನು ನಡೆಯುವವರಿಗೂ ಮಕ್ಕಳ ಆಟಕ್ಕೂ ಬಿಟ್ಟುಕೊಡುವ ‘ಸೂಪರ್‌ಬ್ಲಾಕ್’ ಪದ್ಧತಿಯನ್ನು 2016ರಲ್ಲಿ ಅಲ್ಲಿನ ಪೋಬ್ಲೆನೋ ಬಡಾವಣೆಯಲ್ಲಿ ಜಾರಿಗೊಳಿಸಲಾಯಿತು. ಅಲ್ಲಿ ಮುಖ್ಯವಾಗಿ ಬದಲಾದದ್ದು ಬೀದಿಯ ಬಳಕೆ. ಗಾಳಿಯ ಗುಣಮಟ್ಟ ಮತ್ತು ಶಬ್ದವನ್ನು ಅಳೆಯುವ ಸಾಧನಗಳು ಆ ಬದಲಾವಣೆಯನ್ನು ಪರೀಕ್ಷಿಸುವ ಕೆಲಸಕ್ಕೆ ಬರುತ್ತವೆ. ಆದರೆ ಶಾಂತವಾದ ಒಳಬೀದಿಯಲ್ಲಿ ಮಾತ್ರ ಅಳೆದರೆ ಸಾಲದು. ವಾಹನಗಳ ಹೊರೆ ಹೊರಳಿದ ಅಂಚಿನ ರಸ್ತೆಗಳಲ್ಲಿ ವಾಸಿಸುವವರ ಮನೆಗಳೆದುರೂ ಸೆನ್ಸರ್ ಇರಬೇಕು, ಮತ್ತು ಆ ಜಾಗವನ್ನು ವಾಸ್ತುಶಿಲ್ಪಿ ವಿನ್ಯಾಸದ ಹಂತದಲ್ಲೇ ಗುರುತಿಸಬೇಕು.