ಈಜಿಪ್ಟಿನ ಪಪೈರಸ್‌ನಲ್ಲಿ ಇರುವುದು ಕನ್ನಡವೇ?

ಪ್ರಶ್ನೆ: ಸುಮಾರು 1,800 ವರ್ಷ ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆ ಎಂದು ಶಾಲೆಯಲ್ಲಿ ಕೇಳಿದ್ದೆ. ಅದು ನಿಜವಾದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ನಮಗೆ ಸಿಕ್ಕಂತಾಯಿತಲ್ಲವೇ?

ಉತ್ತರ: ಪ್ರಹಸನ ಇರುವುದು ನಿಜ. ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು 1903ರಲ್ಲಿ, 413ನೆಯ ಪಪೈರಸ್ (ಜೊಂಡಿನಿಂದ ಮಾಡಿದ ಬರೆಹದ ಹಾಳೆ) ಎಂಬ ಸಂಖ್ಯೆಯೊಡನೆ ಪ್ರಕಟಿಸಿದರು. ಭಾರತದ ಕಡಲತೀರದ ರಾಜನೊಬ್ಬನ ವಶದಲ್ಲಿ, ಚಂದ್ರದೇವತೆ ಸೆಲೀನಿಯ ಗುಡಿಯಲ್ಲಿರುವ ಕ್ಯಾರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಅವಳ ಸೋದರನ ಕಡೆಯವರು ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಹಡಗಿನಲ್ಲಿ ಪಾರುಮಾಡುವುದೇ ಇದರ ಕಥೆ. ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದಲ್ಲಿ ಇಫಿಜೀನಿಯಾಳನ್ನು ಅವಳ ತಮ್ಮ ಒರೆಸ್ಟೀಸ್ ದೂರದೇಶದ ದೇಗುಲದಿಂದ ಬಿಡಿಸಿ ತರುವ ಪ್ರಸಂಗವನ್ನೇ ಇಲ್ಲಿ ನಗೆಯಾಟಕ್ಕೆ ಒಗ್ಗಿಸಿದ್ದಾರೆ.

ರಾಜನೂ ಅವನ ಪರಿವಾರವೂ ಆಡುವ ಗ್ರೀಕೇತರ ಮಾತುಗಳು ಕನ್ನಡವೆಂದು 1904ರಲ್ಲಿ ಸೂಚಿಸಿದವರು ಶಾಸನತಜ್ಞ ಹುಲ್ಷ್. ಮುಂದೆ ಮೈಸೂರಿನ ವಿದ್ವಾಂಸ ಆರ್. ಶಾಮಶಾಸ್ತ್ರಿ ಅವರೂ ಅದನ್ನು ಎತ್ತಿಹಿಡಿದರು, 1926ರಲ್ಲಿ ಇಂಗ್ಲೆಂಡಿನ ಭಾರತವಿದ್ವಾಂಸ ಎಲ್. ಡಿ. ಬಾರ್ನೆಟ್ ಒಪ್ಪಲಿಲ್ಲ. ನನಗೂ ಬಾರ್ನೆಟ್ ಅವರ ಸಂದೇಹವೇ ಸರಿಯೆನಿಸುತ್ತದೆ.

ಒಂದು ಸಾಲನ್ನೇ ನೋಡೋಣ. ಪದಗಳ ನಡುವೆ ಜಾಗ ಬಿಡದೆ ಬರೆದ ಗ್ರೀಕ್ ಅಕ್ಷರಗಳನ್ನು ಇದ್ದಂತೆಯೇ ಓದಿದರೆ 'ಪನುಂಬ್ರೇತಿಕತೆಮನುಅಂಬ್ರೇತುವೆನಿ' ಎಂದಾಗುತ್ತದೆ. ಇದನ್ನು 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನು' ಎಂದು ಬಿಡಿಸಿದ್ದಾರೆ. ಕಿವಿಗೆ ಹಿತವಾಗಿದೆ, ಆದರೆ ಹಾಳೆಯಲ್ಲಿರುವುದು 'ಮನು'. ಅದನ್ನು 'ಮಧು' ಮಾಡಿದವರು ಓದಿದವರು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು ಸಾಲಿನದು. ಅದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಲಾಗಿದೆ. ಆದರೆ ಪಾಲ್ ಹಾಲಾದಂತೆ, ಪೂವು ಹೂವಾದಂತೆ, ಪದದ ಮೊದಲಿನ ಪಕಾರ ಹಕಾರಕ್ಕೆ ತಿರುಗಿದ್ದು ಸುಮಾರು 10ನೆಯ ಶತಮಾನದಿಂದೀಚೆಗೆ. ಎರಡನೆಯ ಶತಮಾನದ ಕನ್ನಡಿಗನ ಬಾಯಲ್ಲಿ 'ಹಾಕಿ' ಬರುವುದು ಹೇಗೆ?

ಮಾತುಗಳು ದಕ್ಷಿಣದ ಯಾವುದೋ ನುಡಿಯಿಂದ ಬಂದಿರಬಹುದು, ಏಕೆಂದರೆ ಮೆಣಸಿನ ವ್ಯಾಪಾರಕ್ಕೆ ಈಜಿಪ್ಟಿನ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದ ಕಾಲವದು. ಆದರೂ ಸುಮಾರು 450ರ ಹಲ್ಮಿಡಿ ಶಾಸನದ ಮುಂದೆ ಇದನ್ನು ಕನ್ನಡದ ದಾಖಲೆಯೆಂದು ಇಡಲಾಗದು. ಪ್ರಹಸನದಲ್ಲೇ ಒಂದೆಡೆ, ರಾಜನ ಕಡೆಯವರ ಮಾತಿಗೆ 'ಬೇಗ ಕುಡಿಯಲು ಕೊಡು ಎನ್ನುತ್ತಿದ್ದಾನೆ' ಎಂದು ಗ್ರೀಕ್ ಪಾತ್ರವೊಂದು ಅರ್ಥ ಹೇಳುತ್ತದೆ. ಹೊಸದಾಗಿ ಓದಲು ಹೊರಡುವವರು ಮೊದಲು ಆ ಮಾತನ್ನು ಬಿಡಿಸಿ ತೋರಿಸಬೇಕು.